ಮನೆಮಾತು ತುಳು, ಹಾಡು ಕನ್ನಡ



ಇವತ್ತು ಹಾಡಿನ ವಿಷಯ. ಹೆದರಬೇಡಿ, ನಾನು ಹಾಡುವುದಿಲ್ಲ. ಸಾಲುಗಳನ್ನು ಓದಿ ಹೇಳುವುದೂ ಇಲ್ಲ. ಸಿನಿಮಾದ ಹೆಸರು ಹೇಳುತ್ತೇನೆ. ಬರೆದವರು ಯಾರು, ಹಾಡಿದವರು ಯಾರು ಎಂದು ಹೇಳುತ್ತೇನೆ. ಸಾಲು ನಿಮಗೇ ನೆನಪಾಗುತ್ತದೆ. ನೆನಪಾಗದಿದ್ದರೆ ಮನೆಯಲ್ಲಿ ಎಪ್ಪತ್ತು ದಾಟಿದವರನ್ನು ಕೇಳಿ. ಅವರು ಪಲ್ಲವಿಗೆ ನಿಲ್ಲಿಸುವುದಿಲ್ಲ. ಚರಣಗಳನ್ನೂ ಮುಗಿಸಿಯೇ ನಿಮ್ಮನ್ನು ಬಿಡುತ್ತಾರೆ.

1960ರ ದಶಕದ ಹಾಡು ಎಂದರೆ ಜಗತ್ತಿಗೆ ಬೀಟಲ್ಸ್ ನೆನಪಾಗುತ್ತಾರೆ, ಬಾಬ್ ಡಿಲನ್ ನೆನಪಾಗುತ್ತಾರೆ. ಗಿಟಾರು ಹಿಡಿದು, ತಾವೇ ಬರೆದದ್ದನ್ನು ತಾವೇ ಹಾಡಿದವರು. ಡಿಲನ್ನರಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನವೇ ಬಂತು. ಹಾಡಿಗೆ ಬರೆದ ಮಾತೂ ಸಾಹಿತ್ಯವೇ ಎಂದು ದೊಡ್ಡವರು ಒಪ್ಪಿಕೊಂಡ ಹಾಗಾಯಿತು.

ಅದೇ ಹತ್ತು ವರ್ಷಗಳಲ್ಲಿ ನಿಟ್ಟೆಯಂಥ ಊರಿನ ಕಿವಿಗೆ ಬೀಳುತ್ತಿದ್ದ ಹಾಡು ಬೇರೆ. ನಿಟ್ಟೆ ಗೊತ್ತಲ್ಲ? ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಈಗ ಅಲ್ಲಿ ಕಾಲೇಜುಗಳು, ಹಾಸ್ಟೆಲುಗಳು, ಲೆಮಿನಾ ಕಾರ್ಖಾನೆ. ಇಯರ್‌ಫೋನು ಸಿಕ್ಕಿಸಿಕೊಂಡ ಹುಡುಗ ಹುಡುಗಿಯರು ಊರೂರಿಂದ ಬಂದಿದ್ದಾರೆ. ಅರವತ್ತರ ದಶಕದಲ್ಲಿ ಇದೊಂದೂ ಇರಲಿಲ್ಲ. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು ನಿಟ್ಟೆ ವಿದ್ಯಾಸಂಸ್ಥೆಯನ್ನು ಆರಂಭಿಸಿದ್ದು 1979ರಲ್ಲಿ. ಅದಕ್ಕೂ ಹಿಂದಿನ ನಿಟ್ಟೆಯನ್ನು ನೆನೆಯಿರಿ. ಗದ್ದೆ, ತೋಟ, ಮುರಕಲ್ಲಿನ ಗುಡ್ಡ, ರಾತ್ರಿಯ ಯಕ್ಷಗಾನ. ಎಲ್ಲೋ ಒಂದೆರಡು ಮನೆಯಲ್ಲಿ ರೇಡಿಯೊ.

ಆ ರೇಡಿಯೊದಿಂದ ಬಂದದ್ದು ಕನ್ನಡ ಚಿತ್ರಗೀತೆ. ಅದರ ಬಗ್ಗೆ ನನಗೆ ಹೇಳಲಿಕ್ಕಿರುವುದು ಒಂದೇ ವಿಷಯ. ನಮ್ಮ ಕರಾವಳಿಯಲ್ಲಿ ಕನ್ನಡ ಶಾಲೆಯ ಭಾಷೆಯಾಗಿತ್ತು. ಅದು ಮುದ್ದಿಗೆ, ಮುನಿಸಿಗೆ, ಒಲುಮೆಗೆ ಒದಗುವ ಭಾಷೆಯಾದದ್ದು ಆ ಹಾಡುಗಳ ಸಾಹಿತ್ಯದಿಂದ.

ಮೊದಲು ಹಾಡು ಹೇಗೆ ಬಂತು ನೋಡೋಣ. ಆಗ ಮಂಗಳೂರಿನಲ್ಲಿ ಆಕಾಶವಾಣಿ ಇರಲಿಲ್ಲ. ಅದು ಬಂದದ್ದು 1976ರ ಡಿಸೆಂಬರಿನಲ್ಲಿ. ನಮಗೆ ಬೆಂಗಳೂರು ಅಥವಾ ಧಾರವಾಡ ಸಿಗಬೇಕಿತ್ತು, ಘಟ್ಟ ದಾಟಿ, ಗೊರಗೊರ ಸದ್ದಿನೊಂದಿಗೆ. ಇಲ್ಲವಾದರೆ ಕಡಲಾಚೆಯ ರೇಡಿಯೊ ಸಿಲೋನ್. ಕೇಸ್ಕರ್ ಎಂಬವರು 1952ರಿಂದ ಹತ್ತು ವರ್ಷ ಕೇಂದ್ರದಲ್ಲಿ ವಾರ್ತಾ ಮಂತ್ರಿ. ಅವರಿಗೆ ಸಿನಿಮಾ ಹಾಡೆಂದರೆ ಆಗದು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ದೂರವಾಯಿತು, ಕೇಳುಗರು ಸಿಲೋನಿಗೆ ಗುಳೆ ಹೋದರು. ಕಡೆಗೆ 1957ರಲ್ಲಿ ವಿವಿಧ ಭಾರತಿ ಶುರುವಾಗಿ ಹಾಡು ಮನೆಗೆ ಮರಳಿತು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಕೋವಿಗೆ ಲೈಸೆನ್ಸ್, ರೇಡಿಯೊಗೂ ಲೈಸೆನ್ಸ್! ಇನ್ನೊಂದು ದಾರಿ ಹಾಡಿನ ಪುಸ್ತಕ. ಟಾಕೀಸಿನ ಬಾಗಿಲಲ್ಲಿ ಕೆಲವೇ ಪೈಸೆಗೆ ಸಿಗುತ್ತಿತ್ತು. ಸಿನಿಮಾ ನೋಡದವರೂ ಅದನ್ನು ಕೊಂಡು ಬಾಯಿಪಾಠ ಮಾಡಿದರು.

ಹಾಡು ಬಂದ ದಾರಿ ಅದು. ಇನ್ನು ಕೇಳಿದ ಕಿವಿಯ ವಿಷಯ. ಅದು ಎಂಥ ಕಿವಿ?

ತುಳು ಕಿವಿ. ಕೆಲವು ಮನೆಗಳಲ್ಲಿ ಕೊಂಕಣಿ, ಕೆಲವು ಮನೆಗಳಲ್ಲಿ ಬ್ಯಾರಿ. ಗದ್ದೆಯಲ್ಲಿ ನೇಜಿ ನೆಡುವಾಗ ತುಳು ಕಬಿತ. ರಾತ್ರಿ ಭೂತಕ್ಕೆ ತುಳು ಪಾಡ್ದನ. ಅಜ್ಜಿ ಮೊಮ್ಮಗುವನ್ನು ತೂಗುವುದು ತುಳುವಿನಲ್ಲಿ. ಜಗಳವಂತೂ ತುಳುವಿನಲ್ಲೇ ಆಗಬೇಕು, ಇಲ್ಲವಾದರೆ ಅದಕ್ಕೆ ರುಚಿಯಿಲ್ಲ. ಕನ್ನಡ ಇದ್ದದ್ದು ಶಾಲೆಯಲ್ಲಿ, ಪತ್ರಿಕೆಯಲ್ಲಿ, ಯಕ್ಷಗಾನದ ಅರ್ಥಗಾರಿಕೆಯಲ್ಲಿ. ಮೇಷ್ಟರ ಎದುರು ಮಾತಾಡುವ ಭಾಷೆ. ರಾವಣನೋ ಕೌರವನೋ ಗುಡುಗುವ ಭಾಷೆ. ಅದರಲ್ಲಿ ಗಾಂಭೀರ್ಯವಿತ್ತು, ಸಲಿಗೆ ಇರಲಿಲ್ಲ.

ಇಲ್ಲವೇ ಇಲ್ಲ ಎಂದರೆ ನಂದಳಿಕೆಯವರು ನನ್ನನ್ನು ಬಿಡಲಿಕ್ಕಿಲ್ಲ. ನಂದಳಿಕೆ ನಿಟ್ಟೆಯ ನೆರೆ. ಮುದ್ದಣ ಹುಟ್ಟಿದ ಊರು. 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿ, 1901ರಲ್ಲಿ ತೀರಿಕೊಂಡ ಕವಿ. ಅವನ ‘ರಾಮಾಶ್ವಮೇಧ’ದಲ್ಲಿ ಮಳೆಗಾಲದ ಒಂದು ದಿನ ಗಂಡ ಹೆಂಡಿರು ಮಾತಿಗೆ ಕೂರುತ್ತಾರೆ. ಹೆಂಡತಿ ಮನೋರಮೆ ಕೆಣಕುತ್ತಾಳೆ, ಮುನಿಯುತ್ತಾಳೆ, ಕತೆ ಹೇಳು ಎನ್ನುತ್ತಾಳೆ. ಸಂಸ್ಕೃತದ ಭಾರ ಬೇಡ ಎಂದು ತಕರಾರು ತೆಗೆಯುತ್ತಾಳೆ. ಪದ್ಯವೂ ಬೇಡವಂತೆ ಅವಳಿಗೆ. ಗಂಡ ಹೆಂಡಿರ ಸಲ್ಲಾಪ ಕನ್ನಡದಲ್ಲಿ ಎಷ್ಟು ಸೊಗಸಾಗಿರಬಹುದು ಎಂದು ಮುದ್ದಣ ತೋರಿಸಿಬಿಟ್ಟಿದ್ದ. ಆದರೆ ಆ ಕನ್ನಡ ಹಳಗನ್ನಡದ ಉಡುಗೆ ತೊಟ್ಟಿತ್ತು. ಓದಿದವರಿಗೆ ಮಾತ್ರ ಸಿಕ್ಕಿತು. ಬಾಗಿಲಿಂದ ಬಾಗಿಲಿಗೆ ಹೋಗುವುದಕ್ಕೆ ರಾಗ ಬೇಕಿತ್ತು, ರೇಡಿಯೊ ಬೇಕಿತ್ತು.

ಇನ್ನೊಂದು ಸಂಗತಿ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ ತನಕ ಮದ್ರಾಸು ರಾಜ್ಯದಲ್ಲಿತ್ತು. ಅರವತ್ತರ ದಶಕ ಶುರುವಾದಾಗ ಮೈಸೂರು ರಾಜ್ಯ ಸೇರಿ ನಾಲ್ಕೈದು ವರ್ಷವಷ್ಟೇ ಆಗಿತ್ತು. ಸಿನಿಮಾದ ಸಂಭಾಷಣೆ ನಮಗೆ ಘಟ್ಟದ ಮೇಲಿನ ಮಾತಿನಂತೆ ಕೇಳುತ್ತಿತ್ತು. ಹಾಡು ಹಾಗಲ್ಲ. ಹಾಡಿನಲ್ಲಿ ಇದ್ದದ್ದು ಯಾವ ಊರಿನದೂ ಅಲ್ಲದ, ಅಚ್ಚಿನ ಕನ್ನಡ. ನಮ್ಮ ಶಾಲೆಯ ಪುಸ್ತಕದಲ್ಲಿ ಇದ್ದಂಥದ್ದೇ. ಹಾಗಾಗಿ ಸಂಭಾಷಣೆಗೆ ನಕ್ಕವರೂ ಹಾಡಿಗೆ ಸೋತರು. ಘಟ್ಟದ ಮೇಲಿನವರಿಗೆ ಪುಸ್ತಕದ ಭಾಷೆ ಎನಿಸಿದ್ದು ನಮಗೆ ಪರಿಚಯದ ಭಾಷೆಯಾಗಿತ್ತು.

ಸರಿ, ಕಿವಿ ತುಳುವಿನದು, ಕನ್ನಡ ಪಾಠದ್ದು ಎಂದೆ. ಈಗ ಹಾಡಿಗೆ ಬರೋಣ. ನನ್ನ ಮೆಚ್ಚಿನವು ಕೆಲವನ್ನು ಮಾತ್ರ ಹೇಳುತ್ತೇನೆ. ನಿಮ್ಮ ಪಟ್ಟಿ ಬೇರೆ ಇದ್ದರೆ ಇರಲಿ.

1963ರ ‘ಕುಲವಧು’. ಜಿ.ಕೆ. ವೆಂಕಟೇಶ್ ಸಂಗೀತ. ಯುಗಾದಿ ಬಂತೆಂದರೆ ಇವತ್ತಿಗೂ ರೇಡಿಯೊದಲ್ಲಿ ಬರುವ ಹಾಡು ಆ ಚಿತ್ರದ್ದು. ಬರೆದವರು ಬೇಂದ್ರೆ, ಹಾಡಿದವರು ಎಸ್. ಜಾನಕಿ. ವರುಷಕ್ಕೆ ಮತ್ತೆ ಹರೆಯ ಬರುತ್ತದೆ, ಮರಕ್ಕೆ ಬರುತ್ತದೆ, ಮನುಷ್ಯನಿಗೆ ಮಾತ್ರ ಒಂದೇ ಸಲ ಯಾಕೆ ಎಂದು ಕೇಳುವ ಕವಿತೆ. ಹಬ್ಬದ ಹಾಡು ಎಂದುಕೊಂಡು ನಾವು ಖುಷಿಯಿಂದ ಕೇಳುತ್ತೇವೆ. ಒಳಗಿರುವುದು ದೇವರ ಮೇಲಿನ ದೂರು.

ಅದೇ ಚಿತ್ರದಲ್ಲಿ ನಮ್ಮವರೊಬ್ಬರ ಪದ್ಯವೂ ಇದೆ. ಮಂಜೇಶ್ವರದ ಗೋವಿಂದ ಪೈಗಳು ಕನ್ನಡ ತಾಯಿಯನ್ನು ಕರೆದು, ಮುಖ ತೋರಿಸು ಎಂದು ಬೇಡಿಕೊಂಡ ಪದ್ಯ. ಪೈಗಳ ಮನೆಮಾತು ಕೊಂಕಣಿ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಮಂಜೇಶ್ವರ ಕೇರಳಕ್ಕೆ ಹೋಯಿತು. ಕನ್ನಡ ತಾಯಿಯನ್ನು ಕರೆದ ಕವಿಯೇ ಕನ್ನಡದ ರಾಜ್ಯದ ಹೊರಗೆ ಉಳಿದರು. ಚಿತ್ರ ಬಂದ ವರ್ಷವೇ, ಸೆಪ್ಟೆಂಬರಿನಲ್ಲಿ, ಅವರು ತೀರಿಕೊಂಡರು. ನಾಡಗೀತೆಯ ಧಾಟಿಯ ಹಾಡುಗಳು ಆ ದಶಕದಲ್ಲಿ ಬೇಕಾದಷ್ಟು ಬಂದವು. ಹೆಚ್ಚಿನವುಗಳಲ್ಲಿ ಜಯಘೋಷವೇ ಜಾಸ್ತಿ. ಇದರಲ್ಲಿ ಮಗು ತಾಯಿಯ ಸೆರಗು ಹಿಡಿದು ಕೇಳುವ ಹಟ ಇದೆ. ಅದಕ್ಕೇ ನನಗೆ ಇದು ಹೆಚ್ಚು.

ಅದೇ ವರ್ಷದ ‘ಗೌರಿ’ಯಲ್ಲಿ ಕುವೆಂಪು ಮತ್ತು ಕೆ.ಎಸ್. ನರಸಿಂಹಸ್ವಾಮಿ ಇಬ್ಬರ ಕವಿತೆಗಳೂ ಹಾಡಾದವು. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಪುಸ್ತಕ ಬಂದು ಆಗಲೇ ಇಪ್ಪತ್ತು ವರ್ಷ. ಮದುಮಗಳಿಗೆ ಉಡುಗೊರೆಯಾಗಿ ಕೊಡುತ್ತಿದ್ದ ಪುಸ್ತಕ ಅದು. ಪುಸ್ತಕ ಇಲ್ಲದ ಮನೆಗೆ ಸಿನಿಮಾ ಆ ಕವಿಯನ್ನು ತಲುಪಿಸಿತು.

ಇಷ್ಟು ಹೊತ್ತು ಹೇಳಿದ್ದು ಹೆಸರಾಂತ ಕವಿಗಳನ್ನು. ಸಿನಿಮಾಕ್ಕೆಂದೇ ಬರೆದವರು ಬೇರೆ. ನಮ್ಮ ಮನಸ್ಸಿನಲ್ಲಿ ಅವರ ಸಾಲು ಇದೆ, ಹೆಸರಿಲ್ಲ. ಕು.ರ. ಸೀತಾರಾಮ ಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ, ಜಿ.ವಿ. ಅಯ್ಯರ್, ವಿಜಯನಾರಸಿಂಹ, ಗೀತಪ್ರಿಯ, ಚಿ. ಉದಯಶಂಕರ್. ಇವರಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಒಬ್ಬರ ಬಳಿ. ಆರ್.ಎನ್. ಜಯಗೋಪಾಲ್.

ನಟ, ನಿರ್ದೇಶಕ ಆರ್. ನಾಗೇಂದ್ರರಾಯರ ಮಗ. 1961ರ ‘ವಿಜಯನಗರದ ವೀರಪುತ್ರ’ದ ನಾಡಿನ ಹಾಡು ಇವರದು. ಪಿ.ಬಿ. ಶ್ರೀನಿವಾಸ್ ಹಾಡಿದ್ದಾರೆ. ಶಾಲಾ ವಾರ್ಷಿಕೋತ್ಸವದಲ್ಲಿ ಅದಕ್ಕೆ ಹೆಜ್ಜೆ ಹಾಕಿದವರು ಇವತ್ತು ಈ ಭಾಷಣ ಕೇಳುತ್ತಿರಬಹುದು. ಆದರೆ ಜಯಗೋಪಾಲರ ನಿಜವಾದ ಕಸುಬು ಸಣ್ಣ ದನಿಯದು. 1964ರ ‘ನಾಂದಿ’ಯನ್ನು ತೆಗೆದುಕೊಳ್ಳಿ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ. ಕಿವಿ ಕೇಳದ, ಮಾತು ಬಾರದ ಹೆಣ್ಣಿನ ಕೈಹಿಡಿಯುವ ಮೇಷ್ಟರ ಕತೆ. ಆ ಚಿತ್ರದಲ್ಲಿ ಮಗುವಿಗೆ ಹಾಡುವ ಒಂದು ಹಾಡಿದೆ. ಒಂದು ಹಾಡು ಹಾಡುತ್ತೇನೆ, ನೀನು ಕೇಳು ಎನ್ನುತ್ತದೆ. ಬೇರೆ ಚಿತ್ರದಲ್ಲಿದ್ದರೆ ಸಾಮಾನ್ಯ ಜೋಗುಳ. ಕೇಳುವ ಭಾಗ್ಯವೇ ಇಲ್ಲದವರ ಕತೆಯಲ್ಲಿ ‘ಕೇಳು’ ಎಂದರೆ ಎದೆ ಚುಳ್ಳೆನ್ನುತ್ತದೆ. ಪದ ಅದೇ, ಕೂತ ಜಾಗ ಅದಕ್ಕೆ ತೂಕ ಕೊಟ್ಟಿತು. ಸಿನಿಮಾ ಗೀತೆ ಬರೆಯುವವನಿಗೆ ಗೊತ್ತಿರಬೇಕಾದ ವಿದ್ಯೆ ಇದು. ಕವಿಗಳಿಗೆಲ್ಲ ಇದು ಬರುತ್ತದೆಂದು ಹೇಳಲಾಗದು.

ನಮ್ಮ ಅಜ್ಜಿಯರು ಮಗುವನ್ನು ತುಳುವಿನಲ್ಲಿ ತೂಗಿದರು ಎಂದೆನಲ್ಲ. ‘ನಾಂದಿ’ ಬಂದಮೇಲೆ ತಾಯಂದಿರು ಕನ್ನಡದಲ್ಲಿ ತೂಗಿದರು. ಮಗು ಮಲಗಿದ ಮೇಲೆ ಮತ್ತೆ ತುಳು. ತೊಟ್ಟಿಲ ಬಳಿ ಮಾತ್ರ ಕನ್ನಡ.

ಮುಂದೆ 1967ರ ‘ಬೆಳ್ಳಿಮೋಡ’. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಮತ್ತೆ ವಿಜಯಭಾಸ್ಕರ್. ನಾಯಕಿ ಕಲ್ಪನಾ. ದಕ್ಷಿಣ ಕನ್ನಡದಲ್ಲೇ ಹುಟ್ಟಿದ ಹುಡುಗಿ, ನಮ್ಮವಳೇ ಎನ್ನಿ. ಈ ಚಿತ್ರದಲ್ಲಿ ಬೇಂದ್ರೆಯವರ ಬೆಳಗಿನ ಕವಿತೆ ಇದೆ, ಜಯಗೋಪಾಲರ ಹಾಡುಗಳೂ ಇವೆ. ಎಂಥ ಪರೀಕ್ಷೆ ನೋಡಿ! ಬೇಂದ್ರೆಯ ಪಕ್ಕದಲ್ಲಿ ಕೂತು ಬರೆಯುವುದು. ಸೂರ್ಯೋದಯದ ಆ ಎರಕದ ಮುಂದೆ ಯಾರು ನಿಲ್ಲುತ್ತಾರೆ? ಜಯಗೋಪಾಲ್ ಪೈಪೋಟಿಗೆ ಹೋಗಲಿಲ್ಲ. ಅವರು ಆಕಾಶ ಬಿಟ್ಟು ಮನೆಯೊಳಗೆ ಬಂದರು. ಮುದ್ದಿನ ಗಿಳಿ, ಒಡೆದ ಕನ್ನಡಿ, ಒಬ್ಬ ಹೆಣ್ಣು ಕೊಡುವ ಉತ್ತರ. ಕತೆ ನಿಮಗೆ ಗೊತ್ತು. ನಾಯಕಿ ಇಂದಿರಾಳ ಆಸ್ತಿಗೆ ಹಕ್ಕುದಾರನಾಗಿ ತಮ್ಮನೊಬ್ಬ ಹುಟ್ಟಿದ ಎಂದು ತಿಳಿದೊಡನೆ ಮದುವೆಯಾಗಬೇಕಾದವನು ಹಿಂದೆ ಸರಿಯುತ್ತಾನೆ. ಕಡೆಗೆ ಅವನೇ ಬೇಡಿಬಂದಾಗ ಇಂದಿರಾ ಒಲ್ಲೆ ಎನ್ನುತ್ತಾಳೆ. ಕನ್ನಡದ ಹೆಣ್ಣು ಸಿನಿಮಾದಲ್ಲಿ ಅಷ್ಟು ಮೆಲ್ಲಗೆ, ಅಷ್ಟು ಗಟ್ಟಿಯಾಗಿ ‘ಇಲ್ಲ’ ಎಂದದ್ದು ಕಡಿಮೆ.

1968ರ ‘ಹಣ್ಣೆಲೆ ಚಿಗುರಿದಾಗ’. ಇದೂ ತ್ರಿವೇಣಿಯವರದೇ ಕಾದಂಬರಿ. ಎಂ. ರಂಗರಾವ್ ಸಂಗೀತ, ಪಿ. ಸುಶೀಲಾ ದನಿ. ಹೂವು ಚೆಲುವಿನ ಹೆಮ್ಮೆ ಕೊಚ್ಚಿಕೊಳ್ಳುವ ಹಾಡು. ಹೂವು ಜಂಬ ಪಡುತ್ತದೆ. ಹೆಣ್ಣು ಅದನ್ನೇ ಕಿತ್ತು ಮುಡಿಗೇರಿಸಿ ಮಾತು ಮುಗಿಸುತ್ತಾಳೆ. ಒಂದು ಸಾಲಿನಲ್ಲಿ ವಾದ, ಮುಂದಿನ ಸಾಲಿನಲ್ಲಿ ತೀರ್ಪು. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇಂಥ ಸವಾಲು ಜವಾಬು ಬಹಳ ರುಚಿ. ಇದನ್ನು ಹಾಡುವ ಹೊತ್ತಿನಲ್ಲಿ ಇದು ವಿಧವೆಯ ಮರುಮದುವೆಯ ಕತೆಯೆಂದು ನೆನಪಿಟ್ಟುಕೊಳ್ಳಿ. ಹೂವು ಮುಡಿಯುವುದು ಆಗ ಸಣ್ಣ ಮಾತಲ್ಲ.

ಅದೇ ವರ್ಷ ‘ಬೇಡಿ ಬಂದವಳು’. ನೀರಿನ ಅಲೆಯಲ್ಲಿ ಉಂಗುರ ಕಾಣುವ ಹಾಡು, ಮತ್ತೆ ಜಯಗೋಪಾಲರದು. ಕಾಪುವಿನಲ್ಲೋ ಮಲ್ಪೆಯಲ್ಲೋ ದಡದಲ್ಲಿ ನಿಂತು ನೋಡುವ ನಮಗೆ ಅಲೆಯೆಂದರೆ ಅಬ್ಬರ, ಭಯ, ಮೀನು. ಅದರಲ್ಲಿ ಬೆರಳಿಗೆ ತೊಡಿಸುವ ವಸ್ತು ಕಂಡದ್ದು ಕವಿಗೆ. ಒಂದೊಂದೇ ಉಂಗುರ ಹುಡುಕುತ್ತ ಹೋಗುವ ಆ ಹಾಡಿನಲ್ಲಿ ಆಳವಾದ ತತ್ತ್ವವೇನೂ ಇಲ್ಲ. ಇರಬೇಕಾಗಿಯೂ ಇಲ್ಲ. ಆಟ ಇದೆ.

ಒಲುಮೆ, ಜೋಗುಳ, ಮುನಿಸು ಆಯಿತು. ಇವಕ್ಕೆ ಸೇರದ ಒಂದನ್ನು ಬಿಡಲಾರೆ. 1965ರ ‘ಸತ್ಯ ಹರಿಶ್ಚಂದ್ರ’. ಹುಣಸೂರು ಕೃಷ್ಣಮೂರ್ತಿಯವರೇ ಬರೆದು ನಿರ್ದೇಶಿಸಿದ್ದು. ಘಂಟಸಾಲ ಹಾಡಿದ್ದು. ಹರಿಶ್ಚಂದ್ರನ ಪ್ರಸಂಗ ನಮ್ಮ ಬಯಲಾಟದಲ್ಲಿ ಎಲ್ಲರೂ ನೋಡಿದ್ದೇ. ಮಸಣದ ವೀರಬಾಹು ಯಾರೆಂದು ಮಕ್ಕಳಿಗೂ ಗೊತ್ತು. ಆದರೆ ಸಿನಿಮಾದಲ್ಲಿ ಎಂ.ಪಿ. ಶಂಕರ್ ಆ ವೇಷದಲ್ಲಿ ಕುಣಿದು, ಕುಲದಲ್ಲಿ ಮೇಲು ಕೀಳು ಎಲ್ಲಿದೆ ಎಂದು ಕೇಳಿದಾಗ ಟಾಕೀಸು ಸಿಳ್ಳೆ ಹೊಡೆಯಿತು. ಸುಡುಗಾಡು ಕಾಯುವವನ ಬಾಯಲ್ಲಿ ಆ ಪ್ರಶ್ನೆ ಇಟ್ಟದ್ದು ಜಾಣತನ. ಎಲ್ಲ ಕುಲದವರೂ ಕಡೆಗೆ ಅವನ ಬಾಗಿಲಿಗೇ ಬರಬೇಕಲ್ಲ!

ಈಗ ಒಂದು ಕ್ಷಣ ಹಿಂದೆ ನೋಡಿ. ಕೇಳಿದವರ ಮನೆಮಾತು ಕನ್ನಡವಲ್ಲ ಎಂದೆ. ಹಾಡಿದವರದ್ದು? ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್. ಜಾನಕಿ, ಪಿ. ಸುಶೀಲಾ, ಘಂಟಸಾಲ, ಎಲ್ಲರೂ ಆಂಧ್ರದವರು. ಬರೆದವರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ. 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಗೀತಪ್ರಿಯ ಬರೆದದ್ದನ್ನು ಹಾಡಲು ಪಂಜಾಬಿನ ಮೊಹಮ್ಮದ್ ರಫಿಯೇ ಬಂದರು. ಅವರು ಕನ್ನಡದಲ್ಲಿ ಹಾಡಿದ್ದು ಅದೊಂದೇ. ದೂರ ನಡೆದುಹೋಗುತ್ತಿರುವ ಒಂಟಿ ಮನುಷ್ಯನನ್ನು ಕರೆಯುವ ಹಾಡು. ಎಲ್ಲಿಗೆ ಹೊರಟೆ ಎಂದು ಕೇಳುವವನೇ ದೂರದಿಂದ ಬಂದವನು.

ಬರೆದದ್ದೆಲ್ಲಿ? ಹೆಚ್ಚಿನವು ಮದ್ರಾಸಿನಲ್ಲಿ. ಆಗ ಕನ್ನಡ ಸಿನಿಮಾ ಬಹುಪಾಲು ಅಲ್ಲಿನ ಸ್ಟುಡಿಯೊಗಳಲ್ಲೇ ತಯಾರಾಗುತ್ತಿತ್ತು. ಶ್ರೀನಿವಾಸ್ ಅವರ ಮೆಚ್ಚಿನ ಜಾಗ ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್‌ ಇನ್ ಹೋಟೆಲು. 1962ರಲ್ಲಿ ಅದನ್ನು ತೆರೆದವರು ಕೆ. ಕೃಷ್ಣರಾಯರು. ಆ ‘ಕೆ’ ಎಂದರೆ ಕಡಂದಲೆ, ಕಾರ್ಕಳಕ್ಕೆ ದೂರವಲ್ಲದ ಊರು. ಜೇಬಿನ ತುಂಬ ಬಣ್ಣ ಬಣ್ಣದ ಪೆನ್ನು ಸಿಕ್ಕಿಸಿಕೊಂಡು ಆ ಗಾಯಕ ಅಲ್ಲಿ ಕೂತು ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತಿದ್ದರು. ನಮ್ಮೂರಿನ ಕಾಫಿಗೂ ಕನ್ನಡ ಹಾಡಿಗೂ ಇಷ್ಟಾದರೂ ಸಂಬಂಧ ಉಂಟು, ಮಾರಾಯ್ರೆ.

ಹೀಗೆ ಮನೆಯಲ್ಲಿ ಬೇರೆ ಬೇರೆ ಮಾತಾಡುವವರೆಲ್ಲ ಸೇರಿ ಕಟ್ಟಿದ ಕನ್ನಡ ಅದು. ಬರೆಯುವವರು ಉಚ್ಚಾರಕ್ಕೆ ಸುಲಭವಾದ ಪದ ಆರಿಸಿದರು. ಹಾಡುವವರು ಒಂದೊಂದು ಅಕ್ಷರವನ್ನೂ ಬಿಡಿಸಿ ಹಾಡಿದರು. ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುವುದು ಮೂರು ಮೂರೂವರೆ ನಿಮಿಷ. ಅಷ್ಟರಲ್ಲೇ ಹೇಳಿ ಮುಗಿಸಬೇಕು. ಕನ್ನಡ ಕಲಿಯುತ್ತಿದ್ದ ತುಳು ಹುಡುಗನಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಎಲ್ಲಿ ಸಿಗಬೇಕು?

ಹಾಗಾದರೆ ಬೀಟಲ್ಸ್‌ನ ಗಾಳಿ ನಮ್ಮಲ್ಲಿಗೆ ಬೀಸಲೇ ಇಲ್ಲವೇ? ಬೀಸಿತು. 1965ರ ‘ಮಿಸ್ ಲೀಲಾವತಿ’ಯಲ್ಲಿ ಜಯಂತಿ ಹೊಸ ಫ್ಯಾಷನ್ನಿನ ಹುಡುಗಿಯಾಗಿ ಬಂದರು. ಅದೇ ಚಿತ್ರದಲ್ಲಿ ದೋಣಿ ಸಾಗಿಸುವ ಕುವೆಂಪು ಕವಿತೆಯೂ ಇದೆ. ಆ ಕಾಲದ ಅಡಿಗೆ ಹಾಗೆ. 1968ರಲ್ಲಿ ‘ಜೇಡರ ಬಲೆ’ ಬಂತು. ರಾಜ್‌ಕುಮಾರ್ ಸಿಐಡಿ 999. ಬಾಂಡ್ ಸಿನಿಮಾದ ವಾದ್ಯಗಳು, ಕ್ಲಬ್ಬು, ಟ್ವಿಸ್ಟು. ಕಾಲು ಕುಣಿಯಿತು. ಆದರೆ ಆ ಕ್ಲಬ್ಬಿನ ಹಾಡುಗಳ ಮಾತು ಇವತ್ತು ಎಷ್ಟು ಜನರಿಗೆ ನೆನಪಿದೆ? ನನ್ನ ಅನಿಸಿಕೆ ಹೇಳುತ್ತೇನೆ. ಅಲ್ಲಿ ಡ್ರಮ್ಮು ಮುಂದೆ ಬಂತು, ಮಾತು ಹಿಂದೆ ಉಳಿಯಿತು.

ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವ ಬೀಟಲ್ಸ್ ಮಾದರಿ ನಮ್ಮ ಜಿಲ್ಲೆಗಳಲ್ಲಿ ಕಂಡದ್ದು ಕನ್ನಡದಲ್ಲಲ್ಲ, ಕೊಂಕಣಿಯಲ್ಲಿ. ವಿಲ್ಫಿ ರೆಬಿಂಬಸ್. 1942ರಲ್ಲಿ ಹುಟ್ಟಿದವರು, ಬೀಟಲ್ಸ್‌ನವರ ಓರಗೆಯವರೇ. ಜನ ಕೊಂಕಣ ಕೋಗಿಲೆ ಎಂದು ಕರೆದರು. ಎಪ್ಪತ್ತರ ದಶಕದಿಂದ ‘ವಿಲ್ಫಿ ನೈಟ್’ ಗಾನ ಕಾರ್ಯಕ್ರಮ ಎಂದರೆ ಸಾವಿರಗಟ್ಟಲೆ ಜನ ಸೇರುತ್ತಿದ್ದರು. ಮನೆಯ ಮಾತಿನಲ್ಲೇ ಹಾಡು ಕಟ್ಟಿದವರಿಗೆ ಸಿಗುವ ಪ್ರೀತಿಯೇ ಬೇರೆ.

ತುಳುವಿಗೂ ಆ ಸರದಿ ಬಂತು. ಮೊದಲ ತುಳು ಸಿನಿಮಾ ‘ಎನ್ನ ತಂಗಡಿ’ 1971ರಲ್ಲಿ ತೆರೆ ಕಂಡಿತು. ಒಂದು ದಶಕ ಕನ್ನಡದಲ್ಲಿ ಒಲುಮೆ ಕಲಿತವರು ಈಗ ಅದನ್ನು ತಮ್ಮ ಮಾತಿನಲ್ಲಿ ಹಾಡಿದರು. ಪಲ್ಲವಿ, ಚರಣ, ನಡುವೆ ಕೊಳಲು, ಎಲ್ಲ ಕನ್ನಡ ಹಾಡಿನ ಕಟ್ಟು. ತುಳು ಹಾಡು ಬಂತೆಂದು ಕನ್ನಡ ಹಾಡನ್ನು ಯಾರೂ ಕೆಳಗಿಡಲಿಲ್ಲ. ಮದುವೆ ಮನೆಯ ಮೈಕಿನಲ್ಲಿ ಎರಡೂ ಒಂದರ ಹಿಂದೆ ಒಂದು.

ಕಡೆಗೆ ಒಂದು ಕೋರಿಕೆ, ರೇಡಿಯೊದಲ್ಲಿ ಕೆಲಸ ಮಾಡುವ ಕಿರಿಯರಿಗೆ. ಹಿಂದೆ ಉದ್ಘೋಷಕರು ಹಾಡಿಗೆ ಮೊದಲು ನಾಲ್ಕು ವಿವರ ತಪ್ಪದೆ ಹೇಳುತ್ತಿದ್ದರು. ಚಿತ್ರ, ಸಾಹಿತ್ಯ, ಸಂಗೀತ, ಗಾಯನ. ಜಯಗೋಪಾಲ್ ಎಂಬ ಹೆಸರು ಕಾರ್ಕಳದ ಅಂಗಡಿ ಜಗಲಿಗೆ ತಲುಪಿದ್ದು ಹಾಗೆ. ಈಗ ಚಿತ್ರದ ಹೆಸರಿನಲ್ಲೇ ಮುಗಿಸುವ ಅಭ್ಯಾಸ ಬಂದಿದೆ. ಎರಡನೆಯ ವಿವರವನ್ನು ದಯವಿಟ್ಟು ಬಿಡಬೇಡಿ. ಮೂರು ಸೆಕೆಂಡು ಸಾಕು.